ದೇವಳಾಲಿಯ ತಾಪಕ್ಕೆ ಆಟದ ಮದ್ದೆ?

ನಮ್ಮ ಸಂಘದ ಕಾರ್ಯಕಾರಿ ಸಮಿತಿಯ ಕಳೆದ ಸಭೆಯಲ್ಲಿ ಒಂದು ಠರಾವು ಅವಿರೋಧವಾಗಿ ಅಂಗೀಕೃತವಾಯಿತು. ನಮ್ಮ ಮಕ್ಕಳನ್ನೂ ತರುಣರನ್ನೂ ವಿಡಿಯೋ ಆಟಗಳ ಪಿಡುಗಿನಿಂದ ಪಾರುಮಾಡುವ ಸಲುವಾಗಿ ಸದಸ್ಯ ಕುಟುಂಬಗಳಲ್ಲಿ ಜಾಗೃತಿ ಮೂಡಿಸತಕ್ಕದ್ದೆಂಬುದು ಅದರ ಸಾರಾಂಶ. ಚರ್ಚೆ ನಡೆದದ್ದು ಹೆಚ್ಚೆಂದರೆ ಐದು ನಿಮಿಷ. ಛತ್ರಪತಿ ಸಂಭಾಜಿನಗರದಿಂದ ನಾಸಿಕಕ್ಕೆ ಬಂದಿದ್ದ ಒಬ್ಬ ತರುಣ ಸದಸ್ಯ ಹಿಂದಿನ ಸಾಲಿನಲ್ಲಿ ಎದ್ದು ನಿಂತು, "ದಿನವೆಲ್ಲ ದುಡಿದು ಬಂದವನಿಗೆ ಅದೊಂದೇ ಔಷಧ" ಎಂದ. ಅವನಿಗೆ ಯಾರೂ ಉತ್ತರ ಕೊಡಲಿಲ್ಲ. ಅಧ್ಯಕ್ಷರು ಮುಂದಿನ ವಿಷಯವನ್ನು, ಅಂದರೆ ರಾಜ್ಯೋತ್ಸವದ ಊಟದ ಏರ್ಪಾಡನ್ನು, ಕೈಗೆತ್ತಿಕೊಂಡರು. ಅದರ ಮೇಲೆ ಒಂದು ಗಂಟೆ ಚರ್ಚೆಯಾಯಿತು.

ಠರಾವಿನ ಪರವಾಗಿ ಕೈಯೆತ್ತಿದವರಲ್ಲಿ ನಾನೂ ಒಬ್ಬ. ಎತ್ತಿದ ಆ ಕೈಯನ್ನು ಇಳಿಸುವ ಸಲುವಾಗಿಯೇ ಈ ಲೇಖನವನ್ನು ಬರೆಯುತ್ತಿದ್ದೇನೆ. ಹಾಗೆಂದು ಆ ತರುಣನ ಮಾತನ್ನೂ ನಾನು ಒಪ್ಪಲಾರೆ. ಆಟವೇ ರೋಗವೆನ್ನುವ ಹಿರಿಯರು, ಆಟವೇ ಮದ್ದೆನ್ನುವ ಕಿರಿಯರು, ಇಬ್ಬರೂ ರೋಗಿಯ ನಾಡಿಯನ್ನು ಹಿಡಿದು ನೋಡಿಲ್ಲವೆಂಬುದು ನನ್ನ ವಾದ. ಬೇಸರ ಬೇರೆ; ಇಂಗ್ಲಿಷಿನವರು ಬರ್ನ್‌ಔಟ್ ಎಂದು ಕರೆಯುವ, ನಾನಿಲ್ಲಿ ಬಸವಳಿಕೆ ಎಂದು ಕರೆಯುವ ಸ್ಥಿತಿ ಬೇರೆ. ಮೊದಲನೆಯದಕ್ಕೆ ಆಟ ಮದ್ದಾಗಬಲ್ಲುದು. ಎರಡನೆಯದನ್ನು ಅದು ಮರೆಮಾಚಬಲ್ಲುದೇ ಹೊರತು ವಾಸಿಮಾಡಲಾರದು. ಎರಡನ್ನೂ ಒಂದೇ ಗಂಟಿನಲ್ಲಿ ಕಟ್ಟಿದ್ದರಿಂದಲೇ ನಾವು ಬಯ್ಯಬಾರದವರನ್ನು ಬಯ್ದು, ಕೇಳಬೇಕಾದವರನ್ನು ಕೇಳದೆ ಬಿಟ್ಟಿದ್ದೇವೆ.

ಆಟವೆಂದರೆ ಸೋಮಾರಿತನವೆಂದು ಉಪದೇಶಿಸುವ ಮುನ್ನ ನಮ್ಮ ತಲೆಮಾರಿನವರು ತಮ್ಮ ಹಳೆಯ ಕಡತಗಳನ್ನೊಮ್ಮೆ ತಿರುವಿ ನೋಡುವುದು ಒಳ್ಳೆಯದು. ತೊಂಬತ್ತರ ದಶಕದಲ್ಲಿ ನಮ್ಮ ಕಚೇರಿಗಳಿಗೆ ಕಂಪ್ಯೂಟರುಗಳು ಬಂದಾಗ ನಾವು ಅವುಗಳ ಮೇಲೆ ಮೊದಲು ಕಲಿತದ್ದೇನು? 1990ರಲ್ಲಿ ಮೈಕ್ರೋಸಾಫ್ಟ್ ಕಂಪನಿ ತನ್ನ ವಿಂಡೋಸ್ 3.0 ರೊಂದಿಗೆ ಸಾಲಿಟೇರ್ ಎಂಬ ಇಸ್ಪೀಟಾಟವನ್ನು ಸೇರಿಸಿ ಕೊಟ್ಟಿತು. ಮೌಸನ್ನು ಹಿಡಿದು ಎಳೆದು ಬಿಡುವ ಅಭ್ಯಾಸ ಜನರಿಗೆ ಆಗಲೆಂಬುದು ಅದರ ಒಂದು ಉದ್ದೇಶವಾಗಿತ್ತು. ಆ ಅಭ್ಯಾಸವನ್ನು ನಾವು ಎಷ್ಟು ಶ್ರದ್ಧೆಯಿಂದ ಮಾಡಿದೆವೆಂಬುದು ಆ ಕಾಲದ ನೌಕರರಿಗೆಲ್ಲ ಗೊತ್ತಿದೆ. ಕುಟುಂಬವನ್ನು ಊರಿನಲ್ಲಿ ಬಿಟ್ಟು ಒಬ್ಬನೇ ಇರಬೇಕಾಗಿ ಬಂದ ವರ್ಗಾವಣೆಯ ಒಂದು ಅವಧಿಯಲ್ಲಿ ನಾನು ಎಷ್ಟೋ ರಾತ್ರಿ ಒಂದು ಗಂಟೆಯವರೆಗೆ ಕಚೇರಿಯಲ್ಲಿ ಕುಳಿತು ಆ ಎಲೆಗಳನ್ನು ಜೋಡಿಸಿದ್ದೇನೆ. ನನ್ನನ್ನು ಪಿಡುಗಿಗೆ ಸಿಕ್ಕವನೆಂದು ಯಾರೂ ಹೇಳಲಿಲ್ಲ. ಸಾಹೇಬರು ರಾತ್ರಿಯೂ ಕೆಲಸ ಮಾಡುತ್ತಾರೆಂದು ಕಾವಲುಗಾರ ಹೊಗಳಿದ. ಇನ್ನು ಜಗತ್ತಿಗೆ ಟೆಟ್ರಿಸ್ ಎಂಬ ಆಟವನ್ನು ಕೊಟ್ಟ ಅಲೆಕ್ಸಿ ಪಜಿತ್ನೋವ್ 1984ರಲ್ಲಿ ಮಾಸ್ಕೋದ ಸೋವಿಯತ್ ವಿಜ್ಞಾನ ಅಕಾಡೆಮಿಯ ಗಣಕ ಕೇಂದ್ರದಲ್ಲಿದ್ದ ಸರ್ಕಾರಿ ನೌಕರ. ವಿಡಿಯೋ ಆಟ ನಮ್ಮ ಮಕ್ಕಳ ಕೈಗೆ ಆಕಾಶದಿಂದ ಬಿದ್ದದ್ದಲ್ಲ. ಅದರ ವಂಶಾವಳಿಯಲ್ಲಿ ನಮ್ಮ ಕುರ್ಚಿಗಳೂ ಇವೆ.

ಬೇಸರವೆಂಬುದು ಮನುಷ್ಯನನ್ನು ಏನು ಮಾಡಬಲ್ಲುದೆಂಬುದನ್ನು ತಿಳಿಯಲು ನಾಸಿಕದವರಾದ ನಾವು ದೂರ ಹೋಗಬೇಕಾಗಿಲ್ಲ. ಇಂದು ಫಿರಂಗಿದಳದ ಶಾಲೆಯಿರುವ ದೇವಳಾಲಿ, ಹತ್ತೊಂಬತ್ತನೆಯ ಶತಮಾನದ ಅರುವತ್ತರ ದಶಕದಿಂದ ಬ್ರಿಟಿಷ್ ಸೈನಿಕರ ಇಳಿದಾಣವಾಗಿತ್ತು. ಹಿಂದೂಸ್ಥಾನದಲ್ಲಿ ಸೇವಾವಧಿ ಮುಗಿಸಿದ ಸಿಪಾಯಿ ಇಲ್ಲಿಗೆ ಬಂದು, ಮುಂಬಯಿಯಿಂದ ಊರಿಗೆ ಹೊರಡುವ ಹಡಗಿಗಾಗಿ ಕಾಯಬೇಕಿತ್ತು. ಸೈನ್ಯದ ಹಡಗುಗಳು ಹೊರಡುತ್ತಿದ್ದುದು ನವೆಂಬರಿನಿಂದ ಮಾರ್ಚಿನವರೆಗೆ ಮಾತ್ರ. ಏಪ್ರಿಲಿನಲ್ಲಿ ಅವಧಿ ಮುಗಿದವನ ಪಾಡು ಕೇಳುವುದೇ ಬೇಡ. ಬೇಸಗೆ, ಮಳೆಗಾಲ, ಎರಡನ್ನೂ ಅವನು ಹೇಳಿಕೊಳ್ಳುವಂಥ ಕೆಲಸವಿಲ್ಲದೆ ಅಲ್ಲಿ ಕಳೆಯಬೇಕು. ಹಾಗೆ ಕಾದು ಕಾದು ಕೆಲವರು ಕುಡಿದರು, ಕೆಲವರು ಹೊಡೆದಾಡಿದರು, ಕೆಲವರ ಬುದ್ಧಿಯೇ ಸ್ತಿಮಿತ ತಪ್ಪಿತು. ಈ ಸ್ಥಿತಿಗೆ ಸಿಪಾಯಿಗಳು ಇಟ್ಟ ಹೆಸರು 'ಡೂಲಾಲಿ ಟ್ಯಾಪ್', ಅಂದರೆ ದೇವಳಾಲಿಯ ತಾಪ. ನಮ್ಮ ತಾಪವೆಂಬ ಮಾತೇ ಅವರ ಬಾಯಲ್ಲಿ ಟ್ಯಾಪ್ ಆಯಿತು. ತಲೆಕೆಟ್ಟವನನ್ನು ಡೂಲಾಲಿ ಎನ್ನುವ ಮಾತು ಇಂಗ್ಲಿಷ್ ನಿಘಂಟುಗಳಲ್ಲಿ ಇಂದಿಗೂ ಇದೆ. ಫ್ರಾಂಕ್ ರಿಚರ್ಡ್ಸ್ ಎಂಬ ಹಳೆಯ ಸಿಪಾಯಿ 1936ರಲ್ಲಿ ಪ್ರಕಟಿಸಿದ ತನ್ನ ಹಿಂದೂಸ್ಥಾನದ ನೆನಪುಗಳಲ್ಲಿ ಈ ತಾಪವನ್ನು ವರ್ಣಿಸಿದ್ದಾನೆ. ಸೇವೆಯುದ್ದಕ್ಕೂ ನಡತೆ ಚೆನ್ನಾಗಿದ್ದವರೇ ಇಲ್ಲಿ ಬಂದು ದಾರಿತಪ್ಪಿದ್ದರೆಂಬುದು ಅವನ ಮಾತಿನ ಮುಖ್ಯಾಂಶ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಆ ಸಿಪಾಯಿಗಳ ತಾಪಕ್ಕೆ ಕಾರಣ ಅವರ ಶೀಲದ ದೌರ್ಬಲ್ಯವಾಗಿರಲಿಲ್ಲ, ಹಡಗುಗಳ ವೇಳಾಪಟ್ಟಿಯಾಗಿತ್ತು. ಕುಡಿದವನನ್ನು ಬಂಧಿಸಿದ ಅಧಿಕಾರಿ ಶಿಸ್ತನ್ನು ಕಾಪಾಡಿದೆನೆಂದುಕೊಂಡಿರಬೇಕು. ಅವನು ಬಂಧಿಸಿದ್ದು ರೋಗಿಯನ್ನು. ರೋಗ ಮುಂಬಯಿಯ ಬಂದರಿನಲ್ಲಿ ಆರಾಮವಾಗಿತ್ತು. ನಮ್ಮ ಠರಾವು ಅದೇ ಅಧಿಕಾರಿಯ ಕೈಬರಹದಲ್ಲಿದೆ.

ಆಟದಿಂದ ಬೇಸರ ಕಳೆಯುವುದಿಲ್ಲವೆಂದು ನಾನು ಹೇಳುತ್ತಿಲ್ಲ. ದೇವಳಾಲಿಯ ಸಿಪಾಯಿಯಂತೆ ಕೈಯಲ್ಲಿ ಬರಿದಾದ ಕಾಲವಿದ್ದ ಇನ್ನೊಬ್ಬರನ್ನು ನೆನೆಯಿರಿ. ಮೈಸೂರಿನ ಮುಮ್ಮಡಿ ಕೃಷ್ಣರಾಜ ಒಡೆಯರಿಂದ 1831ರಲ್ಲಿ ಬ್ರಿಟಿಷರು ಆಡಳಿತವನ್ನು ಕಿತ್ತುಕೊಂಡರು. 1868ರಲ್ಲಿ ತೀರಿಕೊಳ್ಳುವವರೆಗೆ, ಮೂವತ್ತೇಳು ವರ್ಷ, ಅವರು ಆಳಲು ರಾಜ್ಯವಿಲ್ಲದ ರಾಜರಾಗಿದ್ದರು. ಆ ದೊರೆ ಗಂಜೀಫದ ಹೊಸ ಹೊಸ ಎಲೆಯಾಟಗಳನ್ನು ಕಲ್ಪಿಸಿದರು. ಚದುರಂಗದ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ಒಂದೊಂದೇ ಸಲ ನಡೆಸುವ ಸಮಸ್ಯೆಗೆ ಪರಿಹಾರಗಳನ್ನು ರಚಿಸಿದರು. ಶ್ರೀತತ್ತ್ವನಿಧಿಯಲ್ಲಿ ಕೌತುಕನಿಧಿಯೆಂಬ ಭಾಗವನ್ನೇ ಆಟಗಳಿಗೆ ಮೀಸಲಿಟ್ಟರು. ಬರಿದಾದ ಕಾಲವನ್ನು ಬುದ್ಧಿಯಿಂದ ತುಂಬಿದರೆ ಬೇಸರ ಸೋಲುತ್ತದೆಂಬುದಕ್ಕೆ ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಿಲ್ಲ. ಆಟ ಕಾಲ ಬರಿದಾಗಿರುವವನ ಮದ್ದು. ಆದರೆ ನಮ್ಮ ಠರಾವಿನ ಗುರಿಯಾದ ತರುಣರ ಕಾಲ ಬರಿದಾಗಿದೆಯೆ?

ಸಭೆ ಮುಗಿದ ಮೇಲೆ ಆ ತರುಣನೂ ನಾನೂ ಒಂದೇ ಬಸ್ಸಿನಲ್ಲಿ ಯೇವಲಾ, ವೈಜಾಪುರಗಳ ಮಾರ್ಗವಾಗಿ ಛತ್ರಪತಿ ಸಂಭಾಜಿನಗರಕ್ಕೆ ಹಿಂದಿರುಗಿದೆವು. ನಾಲ್ಕು ಗಂಟೆಯ ಹಾದಿ. ಅವನು ಗದಗ ಕಡೆಯವನು. ವಾಳೂಜದ ಕೈಗಾರಿಕಾ ವಸಾಹತಿನ ಒಂದು ಕಾರ್ಖಾನೆಯಲ್ಲಿ ಗುಣಪರೀಕ್ಷೆಯ ವಿಭಾಗದಲ್ಲಿದ್ದಾನೆ. ಬಜಾಜನಗರದಲ್ಲಿ ಒಂದು ಕೋಣೆ. ಪಾಳಿ, ಪಾಳಿಯ ಮೇಲಿನ ಅಧಿಕ ದುಡಿಮೆ, ಬಸ್ಸಿಗಾಗಿ ಕಾಯುವುದು, ಎಲ್ಲ ಸೇರಿ ದಿನಕ್ಕೆ ಹನ್ನೆರಡು ಹದಿಮೂರು ಗಂಟೆ ಹೊರಗಿರುತ್ತಾನೆ. ಕಾರ್ಖಾನೆಯಲ್ಲಿ ಹಿಂದಿ, ಅಂಗಡಿಯಲ್ಲಿ ಮರಾಠಿ. ರಾತ್ರಿ ಹನ್ನೊಂದಕ್ಕೆ ಕಿವಿಗೆ ಹೆಡ್‌ಫೋನು ಸಿಕ್ಕಿಸಿಕೊಂಡು ಆಟಕ್ಕೆ ಕೂರುತ್ತಾನೆ. ನಾಲ್ವರ ತಂಡ: ಇವನೊಬ್ಬ, ಚಾಕಣದಲ್ಲೊಬ್ಬ, ಹೊಸೂರಿನಲ್ಲೊಬ್ಬ, ಹುಬ್ಬಳ್ಳಿಯಲ್ಲೊಬ್ಬ, ನಾಲ್ವರೂ ಡಿಪ್ಲೊಮಾದಲ್ಲಿ ಸಹಪಾಠಿಗಳು. ಅವನು ಹೇಳಿದ ಒಂದು ಮಾತು ನನ್ನನ್ನು ಇಂದಿಗೂ ಬಿಟ್ಟಿಲ್ಲ: "ಸರ್, ದಿನದಾಗ ನಾ ಕನ್ನಡ ಮಾತಾಡೂದು ಅದೊಂದ ಹೊತ್ತಿನಾಗ."

ಕನ್ನಡ ನಾಡು ಕಾವೇರಿಯಿಂದ ಗೋದಾವರಿಯವರೆಗೆ ಹಬ್ಬಿತ್ತೆಂದು ಒಂಬತ್ತನೆಯ ಶತಮಾನದ ಕವಿರಾಜಮಾರ್ಗ ಹೇಳಿದೆಯೆಂಬುದನ್ನು ನಾವು ಪ್ರತಿ ನವೆಂಬರಿನಲ್ಲಿ ವೇದಿಕೆಯ ಮೇಲಿಂದ ಘೋಷಿಸಿ ಎದೆಯುಬ್ಬಿಸುತ್ತೇವೆ. ಗೋದಾವರಿಯ ಈ ಸೀಮೆಯಲ್ಲಿ ಒಬ್ಬ ಕನ್ನಡಿಗನ ಬಾಯಲ್ಲಿ ಕನ್ನಡ ಉಳಿದಿರುವುದು ನಮ್ಮ ಸಂಘದಿಂದಲ್ಲ, ಒಂದು ಗುಂಡಿನ ಕಾಳಗದ ಆಟದಿಂದ! ವರ್ಷಕ್ಕೊಮ್ಮೆ ಅವನಿಗೆ ಹೋಳಿಗೆ ಬಡಿಸಿ, ಉಳಿದ ಮುನ್ನೂರ ಅರುವತ್ತನಾಲ್ಕು ದಿನ ಅವನ ಸುದ್ದಿಗೆ ಹೋಗದ ನಾವು, ಅವನಿಗಿದ್ದ ಒಂದೇ ಕನ್ನಡದ ಕಿಟಕಿಯನ್ನು ಮುಚ್ಚಬೇಕೆಂದು ಅವಿರೋಧವಾಗಿ ಠರಾವು ಮಾಡಿದ್ದೇವೆ. ಮುಚ್ಚಿಸಿ ನೋಡಿದವರೂ ಇದ್ದಾರೆ. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ದೇಶದ ಭದ್ರತೆಯ ಕಾರಣದಿಂದ ಪಬ್‌ಜಿ ಆಟವನ್ನು ನಿಷೇಧಿಸಿತು. 2021ರ ಜುಲೈಯಲ್ಲಿ ಅದು ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಎಂಬ ಹೆಸರಿನಿಂದ ಬಂತು. 2022ರ ಜುಲೈಯಲ್ಲಿ ಮತ್ತೆ ಹೋಯಿತು. 2023ರ ಮೇ ತಿಂಗಳಲ್ಲಿ ಮತ್ತೆ ಬಂತು. ಪಾರ್ಲಿಮೆಂಟಿರುವ ಸರ್ಕಾರಕ್ಕೆ ಸಾಧ್ಯವಾಗದ್ದು ನಮ್ಮ ಕಾರ್ಯಕಾರಿ ಸಮಿತಿಗೆ ಸಾಧ್ಯವಾದೀತೆಂದು ನಂಬುವಷ್ಟು ಮುಗ್ಧರು ನಾವಲ್ಲ.

ಆದರೆ ಅದೇ ಬಸ್ಸಿನಲ್ಲಿ ನಾನು ಅವನನ್ನು ಇನ್ನೊಂದು ಪ್ರಶ್ನೆ ಕೇಳಿದೆ: "ಆಡಬೇಕೆನಿಸಿ ಆಡುತ್ತೀಯೋ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, ಮೊದಲು ಹಾಗಿತ್ತು, ಈಗೀಗ ಬೇಕೆನಿಸುವುದಿಲ್ಲ, ಆದರೆ ಒಂದು ದಿನ ಬಿಟ್ಟರೆ ಅಂದಿನ ಬಹುಮಾನ ತಪ್ಪುತ್ತದೆ, ತಂಡದವರೂ ಬೇಸರಪಡುತ್ತಾರೆ, ಎಂದ. ಆಡಿ ಮುಗಿದ ಮೇಲೆ ದಣಿವು ಆರುತ್ತದೆಯೇ ಎಂದರೆ, ಇಲ್ಲ. ಬೆಳಿಗ್ಗೆ ಕಾರ್ಖಾನೆಯ ಬಾಗಿಲು ಕಂಡರೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ಯಾವ ಭಾಗ ಸರಿಯಿದೆ, ಯಾವುದು ಕೆಟ್ಟಿದೆ ಎಂಬುದರಲ್ಲಿ ಮೊದಲಿನ ಆಸ್ಥೆಯೇ ಉಳಿದಿಲ್ಲ, ಎಂದ. ಇದು ಬೇಸರವಲ್ಲ, ಮಹನೀಯರೆ. ಇದು ಬಸವಳಿಕೆ.

ಈ ವ್ಯತ್ಯಾಸ ನನ್ನ ಕಲ್ಪನೆಯಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ರೋಗ ವರ್ಗೀಕರಣದ ಹನ್ನೊಂದನೆಯ ಆವೃತ್ತಿ 2019ರ ಮೇ ತಿಂಗಳಲ್ಲಿ ಅಂಗೀಕೃತವಾಗಿ 2022ರ ಜನವರಿ 1ರಿಂದ ಜಾರಿಗೆ ಬಂತು. ಆಟದ ವ್ಯಸನವೂ ಬಸವಳಿಕೆಯೂ ಆ ಒಂದೇ ಗ್ರಂಥದಲ್ಲಿವೆ, ಆದರೆ ಬೇರೆ ಬೇರೆ ಅಧ್ಯಾಯಗಳಲ್ಲಿ. ಆಟದ ಮೇಲೆ ಹತೋಟಿ ತಪ್ಪುವುದು, ಬದುಕಿನ ಮಿಕ್ಕೆಲ್ಲಕ್ಕಿಂತ ಆಟವೇ ಮೇಲಾಗುವುದು, ಹಾನಿಯಾಗುತ್ತಿದ್ದರೂ ಬಿಡಲಾಗದಿರುವುದು, ಇವು ಸಾಮಾನ್ಯವಾಗಿ ಹನ್ನೆರಡು ತಿಂಗಳು ಕಂಡುಬಂದರೆ ಅದು ಕಾಯಿಲೆ. ಬಸವಳಿಕೆಯನ್ನು ಮಾತ್ರ ಅದು ಕಾಯಿಲೆಯೆಂದು ಕರೆದಿಲ್ಲ. ದುಡಿಮೆಗೆ ಸಂಬಂಧಿಸಿದ ವಿದ್ಯಮಾನವೆಂದು ಕರೆದಿದೆ. ದುಡಿಯುವ ಸ್ಥಳದ ಬಹುಕಾಲದ ಒತ್ತಡವನ್ನು ಸರಿಯಾಗಿ ನಿಭಾಯಿಸದೆ ಹೋದಾಗ ಹುಟ್ಟುವ ಶಕ್ತಿಯ ಕುಂದು, ಕೆಲಸದ ಬಗ್ಗೆ ತಾತ್ಸಾರ, ತನ್ನಿಂದ ಏನೂ ಆಗದೆಂಬ ಭಾವನೆ, ಇವು ಮೂರೂ ಸೇರಿದರೆ ಬಸವಳಿಕೆ. ಗದಗಿನ ಹುಡುಗ ಬಸ್ಸಿನಲ್ಲಿ ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟು ನೋಡಿರಿ. ನಮ್ಮ ಹಿರಿಯರು ಓದಿರುವುದು ಮೊದಲ ಅಧ್ಯಾಯವನ್ನು ಮಾತ್ರ.

ಎರಡನೆಯದನ್ನು ಓದಲು ನಮಗೇಕೆ ಮನಸ್ಸಿಲ್ಲ? ಓದಿದರೆ ಕೇಳಬೇಕಾದ ಪ್ರಶ್ನೆಗಳು ಮಗನ ಕೋಣೆಯನ್ನು ಬಿಟ್ಟು ಕಾರ್ಖಾನೆಯ ಬಾಗಿಲಿಗೆ ಹೋಗುತ್ತವೆ. 2023ರ ಅಕ್ಟೋಬರಿನಲ್ಲಿ ನಮ್ಮವರೇ ಆದ ಎನ್. ಆರ್. ನಾರಾಯಣಮೂರ್ತಿಯವರು ದೇಶದ ತರುಣರು ವಾರಕ್ಕೆ 70 ಗಂಟೆ ದುಡಿಯಬೇಕೆಂದರು. 2025ರ ಜನವರಿಯಲ್ಲಿ ಲಾರ್ಸನ್ ಅಂಡ್ ಟೂಬ್ರೊದ ಮುಖ್ಯಸ್ಥ ಎಸ್. ಎನ್. ಸುಬ್ರಹ್ಮಣ್ಯನ್ 90 ಗಂಟೆಯ ಮಾತಾಡಿ, ಭಾನುವಾರವೂ ದುಡಿಸಲಾಗುತ್ತಿಲ್ಲವಲ್ಲ ಎಂದು ವಿಷಾದಪಟ್ಟ ದೃಶ್ಯವನ್ನು ದೇಶವೆಲ್ಲ ನೋಡಿತು. ಆ ಭಾನುವಾರ ಯಾರೂ ದಾನ ಕೊಟ್ಟದ್ದಲ್ಲ. ಮುಂಬಯಿಯ ಗಿರಣಿ ಕಾರ್ಮಿಕರಿಗಾಗಿ ನಾರಾಯಣ ಮೇಘಾಜಿ ಲೋಖಂಡೆಯವರು ವರ್ಷಗಟ್ಟಲೆ ಹೋರಾಡಿ 1890ರಲ್ಲಿ ಗಳಿಸಿಕೊಟ್ಟದ್ದು. 1948ರ ಕಾರ್ಖಾನೆಗಳ ಕಾಯಿದೆ ದಿನಕ್ಕೆ 9 ಗಂಟೆ, ವಾರಕ್ಕೆ 48 ಗಂಟೆಯೆಂಬ ಗೆರೆಯನ್ನೆಳೆದಿತ್ತು. 2025ರ ಸೆಪ್ಟೆಂಬರಿನಲ್ಲಿ ಮಹಾರಾಷ್ಟ್ರದ ಮಂತ್ರಿಮಂಡಲ ಕಾರ್ಖಾನೆಗಳ ದಿನದ ಮಿತಿಯನ್ನು 9ರಿಂದ 12 ಗಂಟೆಗೆ, ಮೂರು ತಿಂಗಳ ಅಧಿಕ ದುಡಿಮೆಯ ಮಿತಿಯನ್ನು 115ರಿಂದ 144 ಗಂಟೆಗೆ ಏರಿಸುವ ತಿದ್ದುಪಡಿಗೆ ಒಪ್ಪಿಗೆ ಕೊಟ್ಟಿತು.

ನಾನು ಸರ್ಕಾರದ ಅನ್ನ ಉಂಡವನು. ನೀತಿಯ ವಿಚಾರವನ್ನು ಬಲ್ಲವರಿಗೆ ಬಿಡುತ್ತೇನೆ. ಆದರೆ ಲೆಕ್ಕ ಹಾಕುವುದು ನನ್ನ ವೃತ್ತಿ. ಹನ್ನೆರಡು ಗಂಟೆ ದುಡಿಮೆ, ಹೋಗಿ ಬರಲು ಎರಡು, ನಿದ್ರೆಗೆ ಎಂಟು; ಇಪ್ಪತ್ತೆರಡಾಯಿತು. ಉಳಿದ ಎರಡು ಗಂಟೆಯಲ್ಲಿ ಅವನು ಸ್ನಾನ ಮಾಡಬೇಕು, ಅಡುಗೆ ಮಾಡಿ ಉಣ್ಣಬೇಕು, ಬಟ್ಟೆ ಒಗೆಯಬೇಕು, ಊರಿನಲ್ಲಿರುವ ತಾಯಿಯೊಡನೆ ಮಾತಾಡಬೇಕು. ಅವನು ಆಟಕ್ಕೆ ಕೊಡುವ ಎರಡು ಗಂಟೆ ಬರುವುದು ನಿದ್ರೆಯಿಂದ. ದಿನದಲ್ಲಿ ಒಂದಿಷ್ಟು ಹೊತ್ತಾದರೂ ತಾನು ಹೇಳಿದಂತೆ ನಡೆಯುವ ಜಗತ್ತೊಂದು ಬೇಕೆಂಬ ಹಟದಿಂದ ಅವನು ತನ್ನ ನಿದ್ರೆಯನ್ನೇ ಕದಿಯುತ್ತಾನೆ. ಕಳ್ಳತನ ಅವನದೇ, ನಷ್ಟವೂ ಅವನದೇ. ಆದರೆ ಅವನನ್ನು ಕಳ್ಳನಾಗಿ ಮಾಡಿದವರ ಹೆಸರು ನಮ್ಮ ಠರಾವಿನಲ್ಲಿ ಇಲ್ಲ.

ಇನ್ನು ಆಟವೇ ಔಷಧವೆನ್ನುವ ತರುಣ ಮಿತ್ರರಿಗೆ ಎರಡು ಮಾತು. ನಿಮ್ಮ ಪಕ್ಷದಲ್ಲಿ ಸತ್ಯದ ಅಂಶವಿದೆ. ಆಕ್ಸ್‌ಫರ್ಡಿನ ಸಂಶೋಧಕರು ಅಪಘಾತಕ್ಕೆ ಸಿಕ್ಕಿ ಆಸ್ಪತ್ರೆಗೆ ಬಂದ 71 ಮಂದಿಯ ಮೇಲೆ ನಡೆಸಿ 2017ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಘಟನೆಯನ್ನು ನೆನೆಸಿಕೊಂಡು ಟೆಟ್ರಿಸ್ ಆಡಿದವರನ್ನು ಆ ದುರ್ಘಟನೆಯ ನೆನಪು ಮುಂದಿನ ವಾರದಲ್ಲಿ ಕಾಡಿದ್ದು ಉಳಿದವರಿಗಿಂತ ಶೇಕಡ 62ರಷ್ಟು ಕಡಿಮೆ. ಆದರೆ ಅಲ್ಲಿ ಆಟಕ್ಕೆ ಹೊತ್ತಿತ್ತು, ಅಳತೆಯಿತ್ತು, ಪಕ್ಕದಲ್ಲಿ ತಜ್ಞರಿದ್ದರು. ಔಷಧವೆಂದರೆ ಹಾಗಿರಬೇಕು. ಬಾಟಲಿಯನ್ನೇ ಬಾಯಿಗೆತ್ತಿದರೆ ಅದನ್ನು ಔಷಧವೆನ್ನುವುದಿಲ್ಲ. ಅದೇ ಆಕ್ಸ್‌ಫರ್ಡಿನಿಂದ 2022ರಲ್ಲಿ ಬಂದ ಇನ್ನೊಂದು ಅಧ್ಯಯನ ಸುಮಾರು 39,000 ಆಟಗಾರರನ್ನು ಆರು ವಾರ ಗಮನಿಸಿ, ಆಡಿದ ಗಂಟೆಗಳಿಂದ ಮನಸ್ಸಿನ ನೆಮ್ಮದಿ ಹೇಳಿಕೊಳ್ಳುವಷ್ಟು ಹೆಚ್ಚುವುದೂ ಇಲ್ಲ, ಕುಗ್ಗುವುದೂ ಇಲ್ಲವೆಂದಿತು. ಮುಖ್ಯವಾದದ್ದು ಬಯಸಿ ಆಡುವುದೋ, ಆಡಲೇಬೇಕೆಂಬ ಒತ್ತಾಯದಿಂದ ಆಡುವುದೋ ಎಂಬುದು. ನಮ್ಮ ಹಿರಿಯರ ಭಯಕ್ಕೂ ನಿಮ್ಮ ಭರವಸೆಗೂ ಆ ಅಧ್ಯಯನ ಒಟ್ಟಿಗೆ ಉತ್ತರ ಹೇಳಿದೆ.

ಛತ್ರಪತಿ ಸಂಭಾಜಿನಗರದಲ್ಲಿರುವ ನೀವು ಬಿಡುವಿದ್ದಾಗ ಎಲ್ಲೋರಕ್ಕೆ ಹೋಗಿ ಬನ್ನಿ. ನಮ್ಮವರು ಅಲ್ಲಿಗೆ ಹೋದರೆ ರಾಷ್ಟ್ರಕೂಟ ಕೃಷ್ಣನ ಕೈಲಾಸವನ್ನು ನೋಡಿ, ಇದು ಕನ್ನಡಿಗರದೆಂದು ಹೇಳಿ, ಚಿತ್ರ ತೆಗೆಸಿಕೊಂಡು ಬರುತ್ತಾರೆ. ಅದಕ್ಕಿಂತ ಹಳೆಯದಾದ 21ನೆಯ ಗುಹೆಗೂ ಹೋಗಿರಿ. ಅಲ್ಲಿ ಶಿವಪಾರ್ವತಿಯರು ಎದುರುಬದುರು ಕುಳಿತು ಪಗಡೆಯಾಡುತ್ತಿದ್ದಾರೆ. ಕೆಳಗೆ ಗಣಗಳು ನಂದಿಯನ್ನು ಕಾಡಿಸುತ್ತಿವೆ. ಅದೇ ಪಗಡೆ ಹಸ್ತಿನಾವತಿಯ ಸಭೆಯಲ್ಲಿಯೂ ಉರುಳಿತು. ಪಾರ್ವತಿಯ ಪಗಡೆಗೂ ಶಕುನಿಯ ಪಗಡೆಗೂ ದಾಳದಲ್ಲಿ ವ್ಯತ್ಯಾಸವಿಲ್ಲ. ಒಂದರಲ್ಲಿ ಆಡುವವರು ಪರಸ್ಪರ ಬೇಕಾದವರು, ಎದ್ದುಹೋಗಲು ಸ್ವತಂತ್ರರು. ಇನ್ನೊಂದರಲ್ಲಿ ಎದ್ದುಹೋಗಲು ಬಿಡದಂತೆ ಆಟವನ್ನು ಹೂಡಿದವನೊಬ್ಬನಿದ್ದಾನೆ.

ಹಣದ ಶಕುನಿಯನ್ನು ಸರ್ಕಾರ ಗುರುತಿಸಿದೆ. 2025ರ ಆಗಸ್ಟಿನಲ್ಲಿ ಪಾರ್ಲಿಮೆಂಟು ಅಂಗೀಕರಿಸಿ, 22ರಂದು ರಾಷ್ಟ್ರಪತಿಗಳ ಅಂಕಿತ ಪಡೆದ ಆನ್‌ಲೈನ್ ಆಟಗಳ ಕಾಯಿದೆ ಪಣವಿಟ್ಟಾಡುವ ಆಟಗಳನ್ನು ನಿಷೇಧಿಸಿ, ಪಣವಿಲ್ಲದ ಆಟಗಳಿಗೂ ಇ-ಕ್ರೀಡೆಗಳಿಗೂ ಪ್ರೋತ್ಸಾಹದ ಮಾತಾಡಿದೆ. ಅದರ ಹಿಂದಿನ ತಿಂಗಳಷ್ಟೇ ನಮ್ಮ ನಾಸಿಕ ಜಿಲ್ಲೆಯ ಸಿನ್ನರದಿಂದ ಆರಿಸಿ ಬಂದ ಆಗಿನ ಕೃಷಿ ಸಚಿವರ ಕೈಫೋನಿನಲ್ಲಿ, ಸದನ ನಡೆಯುತ್ತಿದ್ದಾಗ, ರಮ್ಮಿ ಕಾಣಿಸಿತೆಂಬ ದೃಶ್ಯತುಣುಕು ಊರೆಲ್ಲ ಸುತ್ತಿತು. ತಾವು ಆಡುತ್ತಿರಲಿಲ್ಲವೆಂದು ಅವರು ಹೇಳಿದರು; ಕೃಷಿ ಖಾತೆ ಹೋಗಿ ಕ್ರೀಡಾ ಖಾತೆ ಬಂತು; ಜನ ನಕ್ಕರು. ಸಂಬಳದ ದಿನ ಆ ಆಟದಲ್ಲಿ ಸಂಬಳ ಕಳೆದುಕೊಂಡು ಮನೆಗೆ ಹೋಗುವವನನ್ನು ನೆನೆದವರು ಆ ನಗುವಿನ ನಡುವೆ ಎಷ್ಟು ಮಂದಿಯಿದ್ದರೋ ಕಾಣೆ.

ಆದರೆ ಹಣ ಕೇಳದ ಶಕುನಿಯೂ ಇದ್ದಾನೆಂಬುದನ್ನು ತರುಣರು ತಿಳಿಯಬೇಕು. ದಿನಕ್ಕೊಂದು ಬಹುಮಾನ, ಒಂದು ದಿನ ತಪ್ಪಿದರೆ ಮುರಿಯುವ ಸರಪಳಿ, ಎಂದಿಗೂ ಮುಗಿಯದ ಮೆಟ್ಟಿಲು, ಇವು ಆಟದ ನಿಯಮಗಳಲ್ಲ. ನಿಮ್ಮನ್ನು ಏಳದಂತೆ ಕೂರಿಸುವ ಹಗ್ಗಗಳು. ಇವನಿಗೆ ಪಣವಾಗಿ ಬೇಕಾಗಿರುವುದು ನಿಮ್ಮ ಹೊತ್ತು, ನಿಮ್ಮ ನಿದ್ರೆ. ನಮ್ಮ ಪೈಠಣದ ಬಳಿಯ ಆಪೇಗಾಂವದಲ್ಲಿ ಹುಟ್ಟಿದರೆಂದು ಹೇಳಲಾಗುವ ಜ್ಞಾನೇಶ್ವರರೇ ಮೋಕ್ಷಪಟವೆಂಬ ಹಾವು ಏಣಿಯ ಆಟವನ್ನು ಕಲ್ಪಿಸಿದರೆಂಬ ಪ್ರತೀತಿ ಮಹಾರಾಷ್ಟ್ರದಲ್ಲಿದೆ. ಅದರಲ್ಲಿ ಹಾವು ದುರ್ಗುಣ, ಏಣಿ ಸದ್ಗುಣ. ಕೊನೆಯ ಮನೆ ಮೋಕ್ಷ. ಅಲ್ಲಿಗೆ ಆಟ ಮುಗಿಯಿತು, ಎದ್ದು ಊಟಕ್ಕೆ ಹೋಗಬಹುದು. ಕೊನೆಯ ಮನೆಯೇ ಇಲ್ಲದ ಪಟವನ್ನು ಹಾಸಿಕೊಂಡು ಕುಳಿತವನಿಗೆ ವಿಶ್ರಾಂತಿ ಎಲ್ಲಿಂದ ಬಂದೀತು? ಅದು ಅವನಿಗೆ ಎರಡನೆಯ ಪಾಳಿ, ಸಂಬಳವಿಲ್ಲದ ಪಾಳಿ.

ವಿನೋದವನ್ನು ಹೀಗಳೆಯುವುದು ನಮ್ಮ ಸಂಸ್ಕೃತಿಯೆಂದು ಹೇಳುವ ಹಿರಿಯರಿಗೂ ಒಂದು ನೆನಪು. ಹನ್ನೆರಡನೆಯ ಶತಮಾನದಲ್ಲಿ ಕಲ್ಯಾಣದಿಂದ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ ತನ್ನ ಮಾನಸೋಲ್ಲಾಸವನ್ನು ಇಪ್ಪತ್ತಿಪ್ಪತ್ತು ಅಧ್ಯಾಯಗಳ ಐದು ವಿಂಶತಿಗಳಾಗಿ ವಿಂಗಡಿಸಿದ. ಮೊದಲೆರಡು ರಾಜ್ಯವನ್ನು ಪಡೆಯುವುದಕ್ಕೂ ನಿಲ್ಲಿಸಿಕೊಳ್ಳುವುದಕ್ಕೂ, ಮೂರನೆಯದು ಉಪಭೋಗಕ್ಕೆ, ಕೊನೆಯ ಎರಡು ವಿನೋದಕ್ಕೂ ಕ್ರೀಡೆಗೂ ಮೀಸಲು. ನೂರು ಅಧ್ಯಾಯಗಳಲ್ಲಿ ನಲವತ್ತು! ದುಡಿಮೆಗೆ ಒಂದು ಎಲ್ಲೆಯಿದೆ, ಆ ಎಲ್ಲೆಯ ಆಚೆಗೆ ಆಟಕ್ಕೆ ಹಕ್ಕಿದೆಯೆಂಬುದನ್ನು ಒಬ್ಬ ಕನ್ನಡ ದೊರೆ ರಾಜನೀತಿಯ ಗ್ರಂಥದಲ್ಲೇ ಒಪ್ಪಿದ್ದಾನೆ. ಅದನ್ನು ಮರೆತವರು ಎಪ್ಪತ್ತು ಗಂಟೆಯವರು. ಅವರೊಡನೆ ದನಿಗೂಡಿಸಿದವರು ನಾವು.

ಆದ್ದರಿಂದ ಮುಂದಿನ ಸಭೆಯಲ್ಲಿ ಹಳೆಯ ಠರಾವನ್ನು ಹಿಂತೆಗೆದುಕೊಂಡು ಈ ನಾಲ್ಕು ಅಂಶಗಳನ್ನು ಪರಿಶೀಲಿಸಬೇಕೆಂದು ವಿನಂತಿಸುತ್ತೇನೆ.

ಮೊದಲನೆಯದಾಗಿ, ವರ್ಷದಲ್ಲಿ ಹೆಚ್ಚಿನ ದಿನ ಬೀಗ ಹಾಕಿಕೊಂಡಿರುವ ನಮ್ಮ ಸಭಾಂಗಣವನ್ನು ತಿಂಗಳಿಗೆ ಎರಡು ಭಾನುವಾರ ಆಟಕ್ಕೆ ತೆರೆಯಬೇಕು. ಕೇರಂ, ಚದುರಂಗ, ಚೌಕಾಬಾರ, ಅಳಿಗುಳಿಮಣೆಗಳ ಜೊತೆಗೆ ವಿಡಿಯೋ ಆಟವೂ ಇರಲಿ. ದೊಡ್ಡ ಪರದೆಯ ಮೇಲೆ, ಎಲ್ಲರೆದುರು, ಕನ್ನಡದಲ್ಲಿ ಕೂಗಾಡುತ್ತ ಆಡಲಿ. ಉಸ್ತುವಾರಿ ತರುಣರದೇ ಆಗಲಿ. ನಾವು ಚಹ ಮಾಡಿಕೊಟ್ಟರೆ ಸಾಕು, ಭಾಷಣ ಬೇಡ.

ಎರಡನೆಯದಾಗಿ, ಸಂಘದ ಸಭೆಗಳನ್ನು ನಾಸಿಕದ ನಿವೃತ್ತರ ಅನುಕೂಲಕ್ಕೆ ತಕ್ಕಂತೆ ಅಲ್ಲ, ಸಾತಪೂರ, ಅಂಬಡ, ವಾಳೂಜಗಳ ಪಾಳಿಯ ವೇಳೆಗೆ ತಕ್ಕಂತೆ ಇಡಬೇಕು. ವರ್ಷಕ್ಕೆ ಎರಡಾದರೂ ಸಭೆಗಳು ವಾಳೂಜದಲ್ಲಿಯೇ ನಡೆಯಬೇಕು.

ಮೂರನೆಯದಾಗಿ, ದುಡಿಮೆಯ ಗಂಟೆ, ಅಧಿಕ ದುಡಿಮೆಯ ಕೂಲಿ, ವಾರದ ರಜೆ, ಇವುಗಳ ಬಗ್ಗೆ ಜಾರಿಯಲ್ಲಿರುವ ನಿಯಮಗಳನ್ನು ಸರಳ ಕನ್ನಡದಲ್ಲಿ ಅಚ್ಚುಮಾಡಿ ಹಂಚಬೇಕು. ನಮ್ಮಲ್ಲಿ ವಕೀಲರಿದ್ದಾರೆ, ಕಾರ್ಮಿಕ ಅಧಿಕಾರಿಗಳಾಗಿ ನಿವೃತ್ತರಾದವರಿದ್ದಾರೆ. ಅವರ ವಿದ್ಯೆ ಸನ್ಮಾನದ ಶಾಲಿನೊಳಗೆ ಮಡಿಚಿಕೊಂಡಿರಬಾರದು.

ನಾಲ್ಕನೆಯದಾಗಿ, ನಿಜವಾಗಿ ವ್ಯಸನಕ್ಕೆ ಸಿಕ್ಕವನನ್ನು, ನಿಜವಾಗಿ ಬಸವಳಿದವನನ್ನು ಬಯ್ಯದೆ ವೈದ್ಯರ ಬಳಿಗೆ ಕರೆದೊಯ್ಯಬೇಕು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ 2014ರಿಂದಲೇ ತಂತ್ರಜ್ಞಾನದ ಅತಿಬಳಕೆಗೆಂದು ಪ್ರತ್ಯೇಕ ಚಿಕಿತ್ಸಾಲಯವಿದೆ. ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಆರಂಭಿಸಿದ ಟೆಲಿ-ಮಾನಸ್ ಸೇವೆಯ 14416 ಸಂಖ್ಯೆಗೆ ಯಾವ ಹೊತ್ತಿನಲ್ಲಾದರೂ ಕರೆ ಮಾಡಬಹುದು. ಅದರ ಭಾಷೆಗಳಲ್ಲಿ ಕನ್ನಡವೂ ಒಂದು. ಈ ಸಂಖ್ಯೆಯನ್ನು ನಮ್ಮ ಆಮಂತ್ರಣ ಪತ್ರಿಕೆಗಳ ಮೇಲೆ ಮುದ್ರಿಸೋಣ. ಅತಿಥಿಗಳ ಬಿರುದುಗಳಲ್ಲಿ ಒಂದನ್ನು ಕಡಿಮೆ ಮಾಡಿದರೆ ಅದಕ್ಕೆ ಜಾಗವಾಗುತ್ತದೆ.

ದೇವಳಾಲಿಯ ಸಿಪಾಯಿಗೆ ಬೇಕಾಗಿದ್ದುದು ಹಡಗು. ಹಡಗು ಬರುವವರೆಗೆ ಇಸ್ಪೀಟು ಒಳ್ಳೆಯದೇ, ಹಾಡು ಒಳ್ಳೆಯದೇ, ನಾಟಕ ಒಳ್ಳೆಯದೇ. ಆದರೆ ಇಸ್ಪೀಟನ್ನು ಕಿತ್ತುಕೊಂಡದ್ದರಿಂದ ಹಡಗು ಬೇಗ ಬರುವುದಿಲ್ಲ; ಇಸ್ಪೀಟು ಕೊಟ್ಟದ್ದರಿಂದ ಹಡಗು ಬೇಡವಾಗುವುದೂ ಇಲ್ಲ. ಬಜಾಜನಗರದ ಆ ಕೋಣೆಯಲ್ಲಿ ಇಂದು ರಾತ್ರಿ ಹನ್ನೊಂದಕ್ಕೆ ಮತ್ತೆ ಪರದೆ ಬೆಳಗುತ್ತದೆ. ಅವನು ಕಾಯುತ್ತಿರುವ ಹಡಗಿನಲ್ಲಿ ಎಂಟು ಗಂಟೆಯ ದುಡಿಮೆ, ಒಂದು ಭಾನುವಾರ, ಎದುರಿಗೆ ಕುಳಿತು ಕನ್ನಡದಲ್ಲಿ ಮಾತಾಡುವ ಒಬ್ಬ ಮನುಷ್ಯ, ಇಷ್ಟೇ ಇರುವುದು. ಮೊದಲನೆಯದು ನಮ್ಮೊಬ್ಬರ ಕೈಯಲ್ಲಿಲ್ಲ. ಕೇಳುವುದಾದರೂ ನಮ್ಮ ಕೈಯಲ್ಲಿದೆ. ಕೊನೆಯದಕ್ಕೆ ಯಾವ ಸರ್ಕಾರದ ಅಪ್ಪಣೆಯೂ ಬೇಕಿಲ್ಲ. ಬರುವ ಭಾನುವಾರ ನಾನು ವಾಳೂಜಕ್ಕೆ ಹೋಗುವವನಿದ್ದೇನೆ. ಚೌಕಾಬಾರದ ಕವಡೆಗಳನ್ನು ಮನೆಯವರಿಂದ ಕೇಳಿ ಇಟ್ಟುಕೊಂಡಿದ್ದೇನೆ. ಠರಾವಿಗೆ ಕೈಯೆತ್ತಿದ ಉಳಿದವರೂ ಬರಬಹುದು.